ಫಾದರ್‌ಗೆ ಯಾವಾಗ ಹೇಳಿ ಕಳಿಸಬೇಕು?

ಮೈಸೂರಿನ ಗೋಕುಲಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಮ್ಮ ಹದಿನೇಳು ದಿನ ಮಲಗಿದ್ದರು. ಹದಿನಾರನೆಯ ದಿನದವರೆಗೂ ನಾವು ಮೂವರು ಮಕ್ಕಳು ಫಾದರ್‌ಗೆ ಹೇಳಿ ಕಳಿಸಲಿಲ್ಲ. "ಫಾದರ್ ಬಂದ್ರೆ ಅಮ್ಮ ಕೈಚೆಲ್ಲಿಬಿಡ್ತಾರೆ, ಇನ್ನು ಮುಗೀತು ಅಂದ್ಕೋತಾರೆ" ಎಂಬುದು ಅಣ್ಣನ ವಾದ. ನನಗೂ ಅದೇ ಅಳುಕು. ಊರಿನಿಂದ ಬಂದ ದೊಡ್ಡಮ್ಮ ಕೈಚೀಲ ಕೆಳಗಿಡುವ ಮೊದಲೇ ಕೇಳಿದರು: "ಸ್ವಾಮಿಗಳು ಬಂದಿದ್ರಾ?" ಇಲ್ಲ ಎಂದೆವು. "ದೂರದ ಊರಿಗೆ ಹೊರಟವಳಿಗೆ ಬುತ್ತಿ ಕಟ್ಟೋಕೂ ಹೆದರಿಕೆಯೇನ್ರೋ ನಿಮಗೆ?"

ಅಂದು ಸಂಜೆಯೇ ಗುರುಗಳು ಬಂದರು. ಅಷ್ಟರಲ್ಲಿ ಅಮ್ಮನ ಮಾತು ನಿಂತಿತ್ತು, ಪಾಪನಿವೇದನೆ ಸಾಧ್ಯವಿರಲಿಲ್ಲ. ಪರಮಪ್ರಸಾದದ ಚೂರನ್ನು ನೀರಲ್ಲಿ ನೆನೆಸಿ ಕೊಟ್ಟರೂ ಗಂಟಲಲ್ಲಿ ಸಿಕ್ಕಿಕೊಂಡೀತೆಂದು ಗುರುಗಳು ಕೊಡಲಿಲ್ಲ. ಹಣೆಗೆ ಪವಿತ್ರ ತೈಲ ಮುಟ್ಟಿದಾಗ ಅಮ್ಮ ಕಣ್ಣು ತೆರೆದರು. ಯಾರೂ ಹೇಳದೆಯೇ ಎರಡೂ ಅಂಗೈಗಳನ್ನು ಬಿಡಿಸಿ ಮೇಲಕ್ಕೆ ಹಿಡಿದರು. ಆ ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ಹೆದರಿದ್ದವರು ನಾವು. ಹತ್ತನೆಯ ದಿನ ಕರೆದಿದ್ದರೆ ಅಮ್ಮನಿಗೆ ಪಾಪನಿವೇದನೆ, ತೈಲ, ಪರಮಪ್ರಸಾದ ಮೂರೂ ಸಿಗುತ್ತಿದ್ದವು. ಆ ಕೊರಗು ಇನ್ನೊಂದು ಮನೆಗೆ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಕಥೋಲಿಕರಿಗೂ, ಕಥೋಲಿಕರ ಪಕ್ಕದ ಮನೆಯವರಿಗೂ.

ಹೆಸರೇ ಹುಟ್ಟಿಸಿದ ಭಯ

ತೈಲ ಹಚ್ಚುವ ಈ ಸಂಸ್ಕಾರಕ್ಕೆ ಹಿಂದಿನವರು ಹೇಳುತ್ತಿದ್ದ ಹೆಸರು ಅಂತ್ಯಾಭ್ಯಂಗ. ಹೆಸರಿನಲ್ಲೇ 'ಅಂತ್ಯ' ಇದ್ದುದರಿಂದ ಗುರುಗಳು ಬಾಗಿಲಿಗೆ ಬಂದರೆಂದರೆ ಸಾವೂ ಹಿಂದೆಯೇ ಬಂತೆಂಬ ಭಾವನೆ ಬೇರೂರಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದನ್ನು ತಿದ್ದಿತು: ಇದು ಕೊನೆಯುಸಿರು ಎಳೆಯುತ್ತಿರುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲ, ಕಾಯಿಲೆಯಿಂದಲೋ ಮುಪ್ಪಿನಿಂದಲೋ ಜೀವ ಅಪಾಯದ ಕಡೆಗೆ ವಾಲಲು ಶುರುವಾದಾಗಲೇ ಪಡೆಯಬೇಕಾದದ್ದು. 1972ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ವಿಧಿಯನ್ನೂ ಸರಳಗೊಳಿಸಿದರು. ಹಿಂದೆ ಕಣ್ಣು, ಕಿವಿ, ಮೂಗು, ಬಾಯಿ, ಕೈಕಾಲುಗಳಿಗೆಲ್ಲ ಎಣ್ಣೆ ಹಚ್ಚುತ್ತಿದ್ದರು. ಈಗ ಹಣೆಗೆ ಮತ್ತು ಕೈಗಳಿಗೆ ಮಾತ್ರ. ಹೆಸರು 'ರೋಗಿಗಳ ಅಭ್ಯಂಗ' ಎಂದಾಯಿತು. ಇದಾಗಿ ಅರ್ಧ ಶತಮಾನ ಕಳೆದರೂ ನಮ್ಮ ಮನೆಗಳಲ್ಲಿ ಹಳೆಯ ಭಯ ಇನ್ನೂ ಹೋಗಿಲ್ಲ.

ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನ ಇದನ್ನು ಪಡೆಯಬಹುದು. ಕಾಯಿಲೆಯೇ ಇಲ್ಲದಿದ್ದರೂ ತೀರಾ ನಿತ್ರಾಣವಾದ ವೃದ್ಧರು ಪಡೆಯಬಹುದು. ಒಮ್ಮೆ ಪಡೆದು ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅದೇ ಕಾಯಿಲೆ ಉಲ್ಬಣಿಸಿದರೆ ಇನ್ನೊಮ್ಮೆ ಪಡೆಯಬಹುದು. ತಿಳಿವಳಿಕೆ ಬಂದ ಮಕ್ಕಳಿಗೂ ಕೊಡುತ್ತಾರೆ. ಕೊಡುವ ಅಧಿಕಾರ ಇರುವುದು ಗುರುಗಳಿಗೆ ಮಾತ್ರ. ಸಿಸ್ಟರ್‌ಗಳು, ಉಪದೇಶಿಗಳು, ಪರಮಪ್ರಸಾದ ಹಂಚುವ ಶ್ರೀಸಾಮಾನ್ಯರು ಪ್ರಾರ್ಥನೆ ಮಾಡಬಹುದು, ಪ್ರಸಾದವನ್ನೂ ತಂದುಕೊಡಬಹುದು, ತೈಲ ಹಚ್ಚುವಂತಿಲ್ಲ. ಸತ್ತವರಿಗೆ ಈ ಸಂಸ್ಕಾರವಿಲ್ಲ. ಆದರೆ ಜೀವ ಹೋಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಗುರುಗಳು ಕೊಟ್ಟೇ ಕೊಡುತ್ತಾರೆ. ಹಾಗಾಗಿ ತಡವಾಯಿತೆಂದು ಕೈಕಟ್ಟಿ ಕೂರಬೇಡಿ, ಅಪರಾತ್ರಿಯಾದರೂ ಫೋನ್ ಮಾಡಿ. ಇದೊಂದು ಕರೆಗೆ ಯಾವ ಗುರುವೂ ಬೇಸರಿಸುವುದಿಲ್ಲ.

ದೊಡ್ಡಮ್ಮ ಬುತ್ತಿ ಎಂದದ್ದು ಬರೀ ಅಲಂಕಾರದ ಮಾತಲ್ಲ. ಸಾಯುವವರಿಗೆ ಕೊನೆಯ ಬಾರಿ ಕೊಡುವ ಪರಮಪ್ರಸಾದಕ್ಕೆ ಲ್ಯಾಟಿನ್‌ನಲ್ಲಿ 'ವಿಯಾಟಿಕುಮ್' ಎನ್ನುತ್ತಾರೆ, ದಾರಿಬುತ್ತಿ ಎಂದೇ ಅರ್ಥ. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಅದು ಹೇಗೆ ಗೊತ್ತಿತ್ತೋ! ಮರಣದ ಹೊಸ್ತಿಲಲ್ಲಿ ಇರುವವರಿಗೆ ನಿಜವಾದ ಕೊನೆಯ ಸಂಸ್ಕಾರ ತೈಲವಲ್ಲ, ಈ ಬುತ್ತಿ. ಗಟ್ಟಿ ಪದಾರ್ಥ ನುಂಗಲಾಗದವರಿಗೆ ದ್ರಾಕ್ಷಾರಸದ ರೂಪದಲ್ಲಷ್ಟೇ ಕೊಡುವುದಕ್ಕೂ ಧರ್ಮಸಭೆಯ ನಿಯಮದಲ್ಲಿ ಅವಕಾಶವಿದೆ. ನಮಗೆ ಅದು ಗೊತ್ತಿರಲಿಲ್ಲ. ಮೂಗಿನ ಕೊಳವೆ ಹಾಕಿದ್ದರೆ, ನುಂಗಲು ಕಷ್ಟವಿದ್ದರೆ ಫೋನಿನಲ್ಲೇ ಗುರುಗಳಿಗೆ ತಿಳಿಸಿ, ಸಿದ್ಧರಾಗಿ ಬರುತ್ತಾರೆ.

ಮಂಚದ ಪಕ್ಕದ ಮೇಜು

ಗುರುಗಳು ಬರುವ ಮೊದಲು ದೊಡ್ಡಮ್ಮ ಮಂಚದ ಪಕ್ಕದ ಮೇಜನ್ನು ಹತ್ತಿರಕ್ಕೆ ಎಳೆಸಿದರು. ಅದರ ಮೇಲಿದ್ದ ಮಾತ್ರೆ ಪಟ್ಟಿ, ಸಿರಪ್ಪು, ಅರ್ಧ ಕುಡಿದ ಎಳನೀರಿನ ಲೋಟ ಎಲ್ಲವನ್ನೂ ತೆಗೆದು ಮಡಿಸಿಟ್ಟ ಬಿಳಿ ಪಂಚೆ ಹಾಸಿದರು. ಗೋಡೆಯ ಶಿಲುಬೆಯನ್ನು ಇಳಿಸಿ ಅಮ್ಮನ ಕಣ್ಣಿಗೆ ನೇರವಾಗುವಂತೆ ನಿಲ್ಲಿಸಿದರು. ಎರಡು ಮೇಣದಬತ್ತಿ, ಬಟ್ಟಲಲ್ಲಿ ತೀರ್ಥ, ಇನ್ನೊಂದು ಬಟ್ಟಲಲ್ಲಿ ಬರೀ ನೀರು, ಒಂದು ಸಣ್ಣ ಟವೆಲ್ಲು. ಕೊನೆಗೆ ಅಡುಗೆಮನೆಯಿಂದ ಅರ್ಧ ನಿಂಬೆಹಣ್ಣು, ಚೂರು ಹತ್ತಿ. ನಿಂಬೆ ಯಾಕೆಂದು ಕೇಳಿದೆ. "ಎಣ್ಣೆ ಮುಟ್ಟಿದ ಬೆರಳು ನೀರಲ್ಲಿ ತೊಳೆದ್ರೆ ಹೋಗ್ತದಾ?" ಎಂದರು. ಗುರುಗಳ ಹತ್ತಿರ ಇದ್ದದ್ದು ಹೆಬ್ಬೆಟ್ಟಿನ ಗಾತ್ರದ ಒಂದು ಲೋಹದ ಡಬ್ಬಿ, ಅದರೊಳಗೆ ಎಣ್ಣೆಯಲ್ಲಿ ನೆನೆದ ಹತ್ತಿ. ಪವಿತ್ರ ವಾರದ ಹೊತ್ತಿಗೆ ಮಹಾದೇವಾಲಯದಲ್ಲಿ ಬಿಷಪ್ಪರು ಆಶೀರ್ವದಿಸಿದ ಎಣ್ಣೆ ಹೀಗೆ ಹನಿಹನಿಯಾಗಿ ಹಂಚಿಹೋಗಿ ವರ್ಷವಿಡೀ ರೋಗಿಗಳ ಹಣೆ ಮುಟ್ಟುತ್ತದೆ.

ಆಕ್ಸಿಜನ್ ಹಾಕಿದ್ದರೆ ಮೇಣದಬತ್ತಿ ಹಚ್ಚಲೇಬೇಡಿ, ಬೆಂಕಿ ಹಿಡಿಯುತ್ತದೆ. ಟಿವಿ ಆಫ್ ಮಾಡಿ. ಗುರುಗಳೊಂದಿಗೆ ರೋಗಿ ಒಬ್ಬರೇ ಮಾತಾಡಲು ಐದು ನಿಮಿಷ ಎಲ್ಲರೂ ಹೊರಗೆ ಹೋಗಿ. ಆಮೇಲೆ ಎಲ್ಲರೂ, ಮೊಮ್ಮಕ್ಕಳೂ ಸೇರಿ, ಒಳಗೆ ಬನ್ನಿ. ಆಸ್ಪತ್ರೆಯ ಐಸಿಯುನಲ್ಲಿದ್ದರೆ ಕರ್ತವ್ಯದಲ್ಲಿರುವ ನರ್ಸ್‌ಗೆ ಮೊದಲೇ ಹೇಳಿಡಿ, ಕೆಲವೇ ನಿಮಿಷದ ಕೆಲಸ ಎಂದರೆ ಸಾಮಾನ್ಯವಾಗಿ ಬಿಡುತ್ತಾರೆ.

ವೆಂಟಿಲೇಟರ್ ಬೇಕೇ ಎಂಬ ಪ್ರಶ್ನೆಯೂ ಈ ಹೊತ್ತಲ್ಲೇ ಎದುರಾಗುತ್ತದೆ. ಬೇಡ ಎಂದರೆ ಪಾಪವೇನೋ ಎಂದು ನರಳುವ ಕುಟುಂಬಗಳನ್ನು ಕಂಡಿದ್ದೇನೆ. ದಯಾಮರಣವನ್ನು ಧರ್ಮಸಭೆ ಒಪ್ಪುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುಣಪಡಿಸಲಾರದೆ ಸಾವನ್ನಷ್ಟೇ ಮುಂದೂಡುವ, ರೋಗಿಗೆ ಹೊರೆಯಾಗುವ ಚಿಕಿತ್ಸೆಯನ್ನು ಬೇಡವೆನ್ನಬಹುದೆಂದು ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು 1957ರಲ್ಲೇ ವೈದ್ಯರಿಗೆ ಹೇಳಿದ್ದರು. ನೋವು ಕಡಿಮೆ ಮಾಡುವ ಔಷಧಿ, ಶುಶ್ರೂಷೆ ಮಾತ್ರ ಕೊನೆಯವರೆಗೂ ನಿಲ್ಲಬಾರದು. ನಮ್ಮ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಇಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರಲ್ಲಿ ನಿಯಮ ಸಡಿಲಿಸಿದ ಮೇಲೆ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಿದರೆ ಸಾಕು. ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಿ.

ಉಸಿರು ನಿಂತ ಮೇಲೆ

ಮೊದಲು ವೈದ್ಯರನ್ನು ಕರೆಸಿ. ಮನೆಯಲ್ಲಿ ಸಾವಾದರೆ ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ, ಅಂದರೆ 4ಎ ನಮೂನೆ, ಪಡೆಯಬೇಕು. ಕಣ್ಣುದಾನದ ಮನಸ್ಸಿದ್ದರೆ ಆರು ಗಂಟೆಯೊಳಗೆ ಆಗಬೇಕು: ಕಣ್ಣು ಮುಚ್ಚಿಸಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ನಿಲ್ಲಿಸಿ, ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಪುನರುತ್ಥಾನದ ದಿನ ಕಣ್ಣಿಲ್ಲದೆ ಏಳಬೇಕಾದೀತು ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ಆದರೆ ಅಂಗದಾನವನ್ನು ಪ್ರೀತಿಯ ಕೆಲಸವೆಂದು ಎರಡನೆಯ ಜಾನ್ ಪೌಲ್ ಜಗದ್ಗುರುಗಳೇ ಹೊಗಳಿದ್ದಾರೆ. ಡಾ. ರಾಜ್‌ಕುಮಾರ್ ಮತ್ತು ಪುನೀತ್ ತೀರಿಕೊಂಡಾಗ ಅವರ ಮನೆಯವರು ಕಣ್ಣುದಾನ ಮಾಡಿದ್ದನ್ನು ಕಂಡ ಕನ್ನಡಿಗರಿಗೆ ಈ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ.

ಆಮೇಲೆ ಧರ್ಮಕೇಂದ್ರಕ್ಕೆ, ಅಂದರೆ ನಿಮ್ಮ ಪ್ಯಾರಿಷ್‌ಗೆ, ತಿಳಿಸಿ. ಬಾಡಿಗೆ ಮನೆಯಲ್ಲಿರುವವರು, ಬೇರೆ ಊರಿಂದ ಬಂದು ನೆಲೆಸಿದವರು ಕೇಳಿಟ್ಟುಕೊಳ್ಳಬೇಕಾದ ವಿಷಯ ಇದು: ನಿಮ್ಮ ಬೀದಿ ಯಾವ ಧರ್ಮಕೇಂದ್ರಕ್ಕೆ ಸೇರುತ್ತದೆ, ಅಲ್ಲಿ ನಿಮ್ಮ ಕುಟುಂಬದ ಹೆಸರು ಇದೆಯೇ. ಸಾವಿನ ದಿನ ಹೊಸದಾಗಿ ಪರಿಚಯ ಹೇಳಿಕೊಳ್ಳುವುದು ಕಷ್ಟ. ಗುರುಗಳೊಂದಿಗೆ ಮಾತಾಡಿ ಸಮಯ ಗೊತ್ತಾಗುವವರೆಗೆ ವಾಟ್ಸಾಪಿನಲ್ಲಿ ಏನನ್ನೂ ಹಾಕಬೇಡಿ. ನಾವು ಹಾಕಿದ ತಪ್ಪು ಸಮಯ ನೋಡಿ ಊರಿನ ಒಂದು ವ್ಯಾನು ಜನ ಮಣ್ಣಾದ ಮೇಲೆ ಬಂದಿಳಿದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಮೈ ತೊಳೆದು, ಅವರಿಗಿಷ್ಟವಾದ ಒಳ್ಳೆಯ ಬಟ್ಟೆ ಉಡಿಸಿ, ಕೈಗಳನ್ನು ಎದೆಯ ಮೇಲೆ ಜೋಡಿಸಿ ಬೆರಳಿಗೆ ಜಪಸರ ಸುತ್ತುತ್ತಾರೆ. ತಲೆಯ ಬಳಿ ಶಿಲುಬೆ, ದೀಪ. ಮೈಸೂರಿನ ಕಥೋಲಿಕರಲ್ಲಿ ಕನ್ನಡದವರು, ತಮಿಳರು, ಮಂಗಳೂರಿನ ಕೊಂಕಣಿಗರು, ಮಲಯಾಳಿಗಳು, ಆಂಗ್ಲೋ ಇಂಡಿಯನ್ನರು ಎಲ್ಲ ಇರುವುದರಿಂದ ಒಂದೊಂದು ಮನೆಯಲ್ಲಿ ಒಂದೊಂದು ರೀತಿ ಕಾಣಿಸುತ್ತದೆ. ಎಲ್ಲ ಮನೆಗಳಲ್ಲೂ ಕೇಳಿಸುವುದು ಜಪಸರ ಪ್ರಾರ್ಥನೆ. ರಾತ್ರಿಯಿಡೀ ಒಂದು ಗುಂಪು ಮುಗಿಸಿದರೆ ಇನ್ನೊಂದು ಗುಂಪು ಶುರುಮಾಡುತ್ತದೆ. ಆ ಏಕತಾನದ ದನಿಗೆ ಅಳುವವರನ್ನು ನಿಧಾನಕ್ಕೆ ತನ್ನೊಳಗೆ ಎಳೆದುಕೊಳ್ಳುವ ಶಕ್ತಿಯಿದೆ.

ನಮ್ಮ ಎದುರು ಮನೆಯ ಅಯ್ಯಂಗಾರ್ ಆಂಟಿ ಬೆಳಗಿನ ಜಾವ ಐದಕ್ಕೇ ಫ್ಲಾಸ್ಕಿನಲ್ಲಿ ಕಾಫಿ ತಂದರು. ಬಾಗಿಲಲ್ಲೇ ನಿಂತು, "ನಾನು ಹೂ ಹಾಕಬಹುದೇನಮ್ಮ? ನಮ್ಮ ಕಡೆಯವರು ಹಾಕಿದ್ರೆ ನಿಮ್ಮಲ್ಲಿ ಏನಾದ್ರೂ…" ಎಂದು ಮಾತು ನಿಲ್ಲಿಸಿದರು. ಹಾಕಬಹುದು ಆಂಟಿ, ಖಂಡಿತ ಹಾಕಬಹುದು. ಬೇರೆ ಧರ್ಮದವರು ಹೂವಿಡಬಹುದು, ಊದಿನಕಡ್ಡಿ ಹಚ್ಚಬಹುದು, ಕೈಮುಗಿಯಬಹುದು, ಚರ್ಚಿನೊಳಗೆ ಬಂದು ಕೂರಬಹುದು. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಮೊಣಕಾಲೂರಬೇಕೆಂದಿಲ್ಲ. ಪರಮಪ್ರಸಾದಕ್ಕೆ ಸಾಲು ನಿಂತಾಗ ಮಾತ್ರ ನಿಮ್ಮ ಜಾಗದಲ್ಲೇ ಕುಳಿತಿರಿ, ಅದು ದೇವಸ್ಥಾನದ ಪ್ರಸಾದದಂತೆ ಎಲ್ಲರಿಗೂ ಹಂಚುವುದಲ್ಲ. ಮಣ್ಣಾಗುವವರೆಗೆ ನಮ್ಮಲ್ಲೂ ಒಲೆ ಹಚ್ಚುವುದಿಲ್ಲ. ಮಕ್ಕಳಿಗೆ, ಸಕ್ಕರೆ ಕಾಯಿಲೆಯವರಿಗೆ ನಾಲ್ಕು ಇಡ್ಲಿ ತಂದುಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಗಂಡ ಸತ್ತ ಹೆಂಗಸಿನ ಬಳೆ ಒಡೆಯುವುದು, ಹೂ ಕೀಳುವುದು ನಮ್ಮ ಕೆಲವು ಮನೆಗಳಲ್ಲಿ ಈಗಲೂ ನಡೆಯುತ್ತಿದೆ. ಧರ್ಮಸಭೆಯ ಅಂತ್ಯಕ್ರಿಯೆಯ ಪುಸ್ತಕದಲ್ಲಿ ಇಂಥದ್ದೊಂದು ಸಾಲೂ ಇಲ್ಲ. ಸಮಾಜದ ಒತ್ತಡದಿಂದ ಒಳಗೆ ಬಂದು ಕೂತ ಕ್ರೌರ್ಯ ಇದು. ಯಾರಾದರೂ ಮುಂದಾದರೆ ಮನೆಯ ಹಿರಿಯರು ಅಲ್ಲೇ ತಡೆಯಬೇಕು. ನಮ್ಮ ಮನೆಯಲ್ಲಿ ಅಪ್ಪ ಹೋದಾಗ ತಡೆದವರು ಇದೇ ದೊಡ್ಡಮ್ಮ.

ಚರ್ಚು, ಮಣ್ಣು

"ಎಷ್ಟೊತ್ತಿಗೆ ಎತ್ತೋದು?" ಇದು ಬಂದವರೆಲ್ಲ ಕೇಳುವ ಪ್ರಶ್ನೆ. ಕಥೋಲಿಕ ಅಂತ್ಯಕ್ರಿಯೆಗೆ ಮೂರು ತಂಗುದಾಣಗಳು: ಮನೆ, ದೇವಾಲಯ, ಸಮಾಧಿ ಸ್ಥಳ. ಮನೆಯಲ್ಲಿ ಗುರುಗಳು ಪ್ರಾರ್ಥಿಸಿ ತೀರ್ಥ ಚಿಮುಕಿಸಿದ ಮೇಲೆ ಪೆಟ್ಟಿಗೆ ಎತ್ತುತ್ತಾರೆ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರದಿಂದ 2002ರಲ್ಲಿ ಇಲ್ಲಿಗೆ ಬಂದ ಮೇಲೆ ಗೋಕುಲಂನ ಬೀದಿಗಳಲ್ಲಿ ಬೆಳಗ್ಗೆ ಚಾಪೆ ಸುತ್ತಿಕೊಂಡು ಓಡಾಡುವ ವಿದೇಶಿಯರು ಬಹಳ. ಅಮ್ಮನ ಪೆಟ್ಟಿಗೆ ಗಾಡಿಗೇರುವಾಗ ಎಳನೀರು ಕುಡಿಯುತ್ತ ನಿಂತಿದ್ದ ಒಬ್ಬ ಹುಡುಗಿ ಬುರುಡೆ ಕೆಳಗಿಟ್ಟು ಶಿಲುಬೆ ಗುರುತು ಹಾಕಿಕೊಂಡಳು. ಯಾವ ದೇಶದವಳೋ.

ದೇವಾಲಯದಲ್ಲಿ ಪೆಟ್ಟಿಗೆಯ ಬಳಿ ಪಾಸ್ಖದ, ಅಂದರೆ ಈಸ್ಟರ್‌ನ, ದೊಡ್ಡ ಮೇಣದಬತ್ತಿ ಉರಿಯುತ್ತಿರುತ್ತದೆ. ದೀಕ್ಷಾಸ್ನಾನದ ದಿನ ಮಗುವಿನ ಬತ್ತಿಗೆ ಬೆಂಕಿ ಕೊಟ್ಟದ್ದೂ ಅಂಥದೇ ಬತ್ತಿ. ತೀರ್ಥ ಚಿಮುಕಿಸುವುದೂ ಆ ಸ್ನಾನದ ನೆನಪಿಗೇ. ಕೊನೆಯಲ್ಲಿ ಧೂಪ. ಆರತಿ, ಎಣ್ಣೆದೀಪ, ಅಂಜಲಿ, ಹೂವುಗಳನ್ನು ಪೂಜೆಯಲ್ಲಿ ಬಳಸಲು ಭಾರತದ ಧರ್ಮಸಭೆಗೆ 1969ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಕೆಲಸದ ಮುಂಚೂಣಿಯಲ್ಲಿದ್ದ ಅಮಲೋರ್ಪವದಾಸ್ ಗುರುಗಳು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಪ್ರಾಧ್ಯಾಪಕರಾದರು, ಇದೇ ಊರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸಾವಿನ ಮನೆಯ ಎಣ್ಣೆದೀಪವನ್ನು ಕಂಡು "ಇದು ನಮ್ಮದಲ್ಲ" ಎನ್ನುವವರು ಅವರ ಬರಹಗಳನ್ನು ಓದಬೇಕು.

ಕ್ಯಾಲೆಂಡರ್ ಒಮ್ಮೆ ನೋಡಿಕೊಳ್ಳಿ. ಪವಿತ್ರ ಗುರುವಾರದಿಂದ ಪವಿತ್ರ ಶನಿವಾರದವರೆಗೆ, ತಪಸ್ಸುಕಾಲ, ಆಗಮನಕಾಲ, ಪಾಸ್ಖಕಾಲದ ಭಾನುವಾರಗಳಲ್ಲಿ ಮತ್ತು ಕಡ್ಡಾಯ ಮಹೋತ್ಸವಗಳಂದು ಅಂತ್ಯಕ್ರಿಯೆಯ ಬಲಿಪೂಜೆ ಇರುವುದಿಲ್ಲ. ಪ್ರಾರ್ಥನೆ, ವಾಚನಗಳೊಂದಿಗೆ ಮಣ್ಣು ಮಾಡಿ ಪೂಜೆಯನ್ನು ಬೇರೆ ದಿನ ಇಟ್ಟುಕೊಳ್ಳಬಹುದು. ಇದರಿಂದ ಸತ್ತವರಿಗೆ ಯಾವ ಕೊರತೆಯೂ ಆಗದು, ಗುರುಗಳ ಮೇಲೆ ರೇಗಬೇಡಿ. ನೆನಪಿನ ಮಾತುಗಳನ್ನು ಒಬ್ಬರೇ ಆಡಲಿ, ಎರಡು ಮೂರು ನಿಮಿಷ ಸಾಕು. ವಾಚನ ಓದುವವರನ್ನು, ಹಾಡುಗಳ ಭಾಷೆಯನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿ.

ಗುಂಡಿಗೆ ಇಳಿಸಿದ ಮೇಲೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಗೋರಿಯ ನಿಯಮ ಸಮಾಧಿ ಸ್ಥಳದಿಂದ ಸಮಾಧಿ ಸ್ಥಳಕ್ಕೆ ಬೇರೆ. ಕುಟುಂಬದ ಕಾಯಂ ಗೋರಿಯೋ, ಕೆಲವು ವರ್ಷಗಳ ನಂತರ ಇನ್ನೊಬ್ಬರಿಗೆ ತೆರೆಯುವ ಸಾಮಾನ್ಯ ಗುಂಡಿಯೋ ಎಂದು ಮೊದಲೇ ಸ್ಪಷ್ಟವಾಗಿ ಕೇಳಿ, ರಸೀದಿ ತೆಗೆದಿಟ್ಟುಕೊಳ್ಳಿ.

ಸುಡುವುದು? 1963ರಿಂದ ಅದಕ್ಕೆ ಅಡ್ಡಿಯಿಲ್ಲ, ಪುನರುತ್ಥಾನದ ನಂಬಿಕೆಯನ್ನು ಧಿಕ್ಕರಿಸುವ ಉದ್ದೇಶದಿಂದ ಸುಡಬಾರದು ಅಷ್ಟೇ. ಆದರೂ ಹೂಳುವುದನ್ನೇ ಧರ್ಮಸಭೆ ಹೆಚ್ಚು ಮೆಚ್ಚುತ್ತದೆ. ಬೂದಿಯ ವಿಷಯದಲ್ಲಿ 2016ರ ಆದೇಶ ಬಿಗಿಯಾಗಿದೆ: ನೀರಿಗೆ ಬಿಡುವಂತಿಲ್ಲ, ಗಾಳಿಗೆ ತೂರುವಂತಿಲ್ಲ, ಮನೆಯ ಶೋಕೇಸಿನಲ್ಲಿ ಇಡುವಂತಿಲ್ಲ. ಸಮಾಧಿಯಂಥ ಪವಿತ್ರ ಜಾಗದಲ್ಲೇ ಇಡಬೇಕು. ಶ್ರೀರಂಗಪಟ್ಟಣದ ಕಾವೇರಿ ಇಲ್ಲಿಗೆ ಹತ್ತಿರದಲ್ಲೇ ಇರುವುದರಿಂದ ಮಿಶ್ರ ವಿವಾಹದ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ಅಂಥವರು ಗುರುಗಳೊಡನೆ ಬಿಚ್ಚುಮನಸ್ಸಿನಿಂದ ಮಾತಾಡಲಿ. ವಿಶೇಷ ಸಂದರ್ಭದಲ್ಲಿ ಬೂದಿಯ ಚಿಕ್ಕ ಭಾಗವನ್ನು ಸತ್ತವರಿಗೆ ಪ್ರಿಯವಾದ ತಾಣದಲ್ಲಿ ಇಡುವುದಕ್ಕೆ 2023ರ ಡಿಸೆಂಬರ್‌ನಲ್ಲಿ ರೋಮ್ ಕೊಂಚ ದಾರಿ ಬಿಟ್ಟಿದೆ.

ಕೇಳಲು ನಾಚುವ ಪ್ರಶ್ನೆಗಳು

ಆತ್ಮಹತ್ಯೆ ಮಾಡಿಕೊಂಡವರಿಗೆ ಪೂಜೆಯಿಲ್ಲ, ಬೇಲಿಯಾಚೆ ಹೂಳುತ್ತಾರೆ ಎಂದು ಈಗಲೂ ನಂಬಿದವರಿದ್ದಾರೆ. 1983ರ ಧರ್ಮಸಭೆಯ ಕಾನೂನಿನಲ್ಲಿ ಆ ನಿಷೇಧವಿಲ್ಲ. ಅವರಿಗೂ ಪೂಜೆಯುಂಟು, ಪಾವನ ಮಣ್ಣುಂಟು. ಅವರ ರಕ್ಷಣೆಯ ಬಗ್ಗೆ ನಿರಾಶರಾಗಬೇಡಿ ಎಂದು ಧರ್ಮೋಪದೇಶವೇ ಹೇಳುತ್ತದೆ. ದೀಕ್ಷಾಸ್ನಾನಕ್ಕೆ ಮುಂಚೆ ಸತ್ತ ಮಗುವಿಗೆ, ಸ್ನಾನ ಕೊಡಿಸುವ ಮನಸ್ಸು ತಂದೆತಾಯಿಗೆ ಇದ್ದಲ್ಲಿ, ಬಿಷಪ್ಪರ ಅನುಮತಿಯಿಂದ ಧರ್ಮಸಭೆಯ ಅಂತ್ಯಕ್ರಿಯೆ ಮಾಡಬಹುದು. ಹಸುಗೂಸನ್ನು ಕಳೆದುಕೊಂಡ ತಾಯಿಗೆ ಈ ಒಂದು ಮಾತು ಎಷ್ಟು ದೊಡ್ಡದೆಂದು ನಾನು ಹತ್ತಿರದಿಂದ ಕಂಡಿದ್ದೇನೆ. ಬಡವರಿಗೆ ಹಣವಿಲ್ಲವೆಂದು ಅಂತ್ಯಕ್ರಿಯೆ ತಪ್ಪಬಾರದೆಂದೂ ಆ ಕಾನೂನಿನಲ್ಲಿ ಬರೆದಿದೆ. ಪೆಟ್ಟಿಗೆಗೂ ದುಡ್ಡಿಲ್ಲದಿದ್ದರೆ ಗುರುಗಳಿಗೆ ಹೇಳಿ. ಅನೇಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದಿ ಪಾಲ್ ಸಭೆಯವರು ಸದ್ದಿಲ್ಲದೆ ಮಾಡುವ ಸೇವೆ ಇದೇ.

ಕಾಗದಪತ್ರ ಚುಟುಕಾಗಿ: ಚರ್ಚಿನ ಮರಣ ದಾಖಲೆ ಸರ್ಕಾರಿ ಪ್ರಮಾಣಪತ್ರವಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಾದರೆ ಅವರೇ ವರದಿ ಮಾಡುತ್ತಾರೆ, ಮನೆಯಲ್ಲಾದರೆ ಅದು ನಮ್ಮ ಹೊಣೆ. ತಡವಾದರೆ ದಂಡ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹೆಸರಿನ ಅಕ್ಷರಗಳು ಆಧಾರ್‌ನಲ್ಲಿ ಇದ್ದಂತೆಯೇ ಇವೆಯೇ ನೋಡಿ: ಮನೆಯಲ್ಲಿ ಮರಿಯಮ್ಮ, ದೀಕ್ಷಾಸ್ನಾನದ ಪುಸ್ತಕದಲ್ಲಿ ಮೇರಿ, ಬ್ಯಾಂಕಿನಲ್ಲಿ ಇನ್ನೊಂದು ಎಂದಾದರೆ ಅಲೆದಾಟ ತಪ್ಪದು. ಉಯಿಲಿಗೆ ಇಬ್ಬರು ಸಾಕ್ಷಿಗಳು ಸಾಕು. ಹತ್ತಿರದ ಬಂಧುಗಳಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಆಸ್ತಿ ಬರೆಯುವುದಕ್ಕೆ ಇದ್ದ ಹಳೆಯ ಅಡ್ಡಿಯನ್ನು ಸುಪ್ರೀಂ ಕೋರ್ಟ್ 2003ರಲ್ಲೇ ತೆಗೆದುಹಾಕಿದೆ.

ಆಮೇಲಿನ ದಿನಗಳು

ಮೂರನೆಯ ದಿನ, ಏಳನೆಯ ದಿನ, ಮೂವತ್ತನೆಯ ದಿನ, ವರ್ಷ. ಮಲಯಾಳಿ ಮನೆಗಳಲ್ಲಿ ನಲವತ್ತರ ಸುಮಾರಿಗೆ. ಇವೆಲ್ಲ ಹಿಂದೂ ತಿಥಿಯ ನಕಲೆಂದು ಮುಜುಗರಪಡುವವರಿಗೆ ಒಂದು ವಿಷಯ: ಕ್ರಿ.ಶ. 395ರಲ್ಲಿ ಸಾಮ್ರಾಟ ಥಿಯೋಡೋಸಿಯಸ್ ಸತ್ತಾಗ ಮಿಲಾನಿನ ಸಂತ ಅಂಬ್ರೋಸ್ ಮಾಡಿದ ಭಾಷಣದಲ್ಲೇ, ಕೆಲವರು ಮೂರು ಮತ್ತು ಮೂವತ್ತನೆಯ ದಿನ, ಕೆಲವರು ಏಳು ಮತ್ತು ನಲವತ್ತನೆಯ ದಿನ ಆಚರಿಸುತ್ತಾರೆಂಬ ಮಾತಿದೆ. ಸತ್ತವರಿಗಾಗಿ ದಿನ ಎಣಿಸುವುದು ಎಲ್ಲ ಕಡೆಯ ಮನುಷ್ಯರೂ ಮಾಡುವ ಕೆಲಸ. ಆ ದಿನ ಪೂಜೆ ಮಾಡಿಸಿ, ಗೋರಿಗೆ ಹೋಗಿಬನ್ನಿ. ಸಾಲ ಮಾಡಿ ಊಟ ಹಾಕುವುದು ಬೇಡ. ಅಮ್ಮನ ತಿಂಗಳ ಪೂಜೆಗೆ ನಾವು ಮಾಡಿಸಿದ್ದು ಅವರಿಗಿಷ್ಟವಾದ ಅವರೆಕಾಳು ಹುಳಿ, ಅನ್ನ ಮಾತ್ರ.

ನವೆಂಬರ್ 2 ಸಕಲ ಮೃತರ ದಿನ. ಫ್ರಾನ್ಸಿನ ಕ್ಲೂನಿ ಮಠದ ಸಂತ ಒಡಿಲೊ ಸಾವಿರ ವರ್ಷದ ಹಿಂದೆ ತನ್ನ ಮಠಗಳಲ್ಲಿ ಶುರುಮಾಡಿದ್ದು. ನವೆಂಬರ್ 1ರಿಂದ 8ರವರೆಗೆ ಸಮಾಧಿ ಸ್ಥಳಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸುವುದಕ್ಕೆ ವಿಶೇಷ ಫಲವನ್ನು ಧರ್ಮಸಭೆ ಹೇಳುತ್ತದೆ. ಹಾಗಾಗಿ 2ರ ನೂಕುನುಗ್ಗಲಿನಲ್ಲಿ ಗಾಲಿಕುರ್ಚಿಯವರನ್ನು ಕರೆದೊಯ್ಯುವ ಪ್ರಯಾಸ ಬೇಡ, ಬೇರೆ ದಿನ ನಿಧಾನವಾಗಿ ಹೋಗಿ. ಹಿಂದಿನ ವಾರವೇ ಒಮ್ಮೆ ಹೋಗಿ ಹುಲ್ಲು ಕಿತ್ತು, ಸುಣ್ಣ ಬಳಿದು ಬನ್ನಿ. ಪ್ರಾರ್ಥನೆಗೆ ಹೋಗುವ ದಿನ ಕೈಲಿ ಒಂದು ಕೊಡ ನೀರು, ತೆಂಗಿನ ಗರಿಯ ಪೊರಕೆ, ಎರಡು ಮೊಳ ಸೇವಂತಿಗೆ ಇರಲಿ. ಆ ಹೊತ್ತಿಗೆ ಮೈಸೂರಲ್ಲಿ ಹಿಂಗಾರಿನ ಗಾಳಿ ಬೀಸುತ್ತಿರುತ್ತದೆ, ಮೇಣದಬತ್ತಿ ನಿಲ್ಲುವುದಿಲ್ಲ. ದೊಡ್ಡಮ್ಮ ಮನೆಯಿಂದ ಒಂದು ತೆಂಗಿನಚಿಪ್ಪು ತಂದು, ಅದರ ತಳಕ್ಕೆ ನಾಲ್ಕು ತೊಟ್ಟು ಮೇಣ ಬಿಟ್ಟು, ಬತ್ತಿಯನ್ನು ಅದರೊಳಗೆ ಊರಿ, ಗಾಳಿ ಬರುವ ದಿಕ್ಕಿಗೆ ಒಂದು ಹೆಂಚಿನ ಚೂರನ್ನು ಓರೆಯಾಗಿ ನಿಲ್ಲಿಸುತ್ತಾರೆ.